ಪ್ರಾಯಕ್ಕೆ ಬರುವ ದಾರಿ ಯಾವ ಕಾಲದಲ್ಲೂ ನೇರವಾಗಿರಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಮೂವತ್ತು ಸಮೀಪಿಸಿದರೂ ಕೆಲಸದಲ್ಲಿ ನೆಲೆಯೂರದ, ಮದುವೆಯ ಮಾತೆತ್ತದ, ತಂದೆ ತಾಯಿಯ ಮನೆಯಲ್ಲೇ ಉಳಿದಿರುವ ಯುವಜನರ ಬಗ್ಗೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಲೇಖನಗಳು ಬರುತ್ತಿವೆ. ಅವಕ್ಕೆ ಓದುಗರು ಬರೆಯುವ ಪ್ರತಿಕ್ರಿಯೆಗಳಲ್ಲಿ ಹೆಚ್ಚಾಗಿ ಕಾಣುವುದು ಒಂದೇ ದೂರು: ಹಿಂದಿನವರು ಹದಿನೆಂಟು, ಇಪ್ಪತ್ತಕ್ಕೆಲ್ಲ ಸಂಸಾರದ ಹೊಣೆ ಹೊರುತ್ತಿದ್ದರು, ಈಗಿನವರಿಗೆ ಬೆಳೆಯುವ ಮನಸ್ಸೇ ಇಲ್ಲ ಎಂಬುದು. ಓದು ಮುಗಿಸುವುದು, ಸಂಪಾದನೆಗೆ ತೊಡಗುವುದು, ಮದುವೆಯಾಗುವುದು, ಸ್ವಂತ ಮನೆ ಹೂಡುವುದು, ಇವೆಲ್ಲ ಅನಾದಿ ಕಾಲದಿಂದಲೂ ಒಂದರ ಹಿಂದೊಂದರಂತೆ, ಚಿಕ್ಕ ವಯಸ್ಸಿನಲ್ಲೇ, ತಾವಾಗಿಯೇ ನಡೆದುಬಂದಿದ್ದವು ಎಂಬ ಕಲ್ಪನೆ ಈ ದೂರಿನ ಬೆನ್ನಿಗಿದೆ. ಇತಿಹಾಸವನ್ನು ಹಲವು ವರ್ಷ ಓದಿ, ಪಾಠ ಮಾಡಿದವಳಾಗಿ ನಾನು ಹೇಳಬೇಕಾದದ್ದು ಇಷ್ಟೇ: ಆ ಕಲ್ಪನೆ ನಿಜವಲ್ಲ. ನಾವು ಸನಾತನವೆಂದು ತಿಳಿದಿರುವ ಕ್ರಮವು ಕಳೆದ ಶತಮಾನದ ನಡುವೆ, ಕೆಲವೇ ದೇಶಗಳಲ್ಲಿ, ಎರಡು ಮೂರು ದಶಕಗಳ ಮಟ್ಟಿಗೆ ಮಾತ್ರ ಇದ್ದ ಒಂದು ವಿಶೇಷ ಸ್ಥಿತಿ. ಅದನ್ನು ಅಳತೆಗೋಲು ಮಾಡಿಕೊಂಡು ಒಂದು ಇಡೀ ಪೀಳಿಗೆಯನ್ನು ಸೋಮಾರಿ ಎಂದು ಕರೆಯುವುದು ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಾಚೀನ ಕಾಲದಿಂದಲೇ ನೋಡೋಣ. ಅಥೆನ್ಸಿನಲ್ಲಿ ಹದಿನೆಂಟು ತುಂಬಿದ ಹುಡುಗನ ವಯಸ್ಸನ್ನೂ ಹುಟ್ಟನ್ನೂ ಅವನ ಊರಿನವರು ಸಭೆಯಲ್ಲಿ ಪರಿಶೀಲಿಸಿ, ಮತ ಹಾಕಿ, ನಾಗರಿಕರ ಪಟ್ಟಿಗೆ ಸೇರಿಸುತ್ತಿದ್ದರು. ಆದರೆ ಅಷ್ಟಕ್ಕೇ ಅವನು ಪೂರ್ಣ ಪ್ರಜೆಯಾಗುತ್ತಿರಲಿಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಇದ್ದ ವ್ಯವಸ್ಥೆಯಂತೆ ಅವನು ಎರಡು ವರ್ಷ ಸೈನಿಕ ತರಬೇತಿಯಲ್ಲಿ ಇರಬೇಕಿತ್ತು. ಒಂದು ವರ್ಷ ಕಳೆದ ಮೇಲೆ ರಾಜ್ಯವೇ ಅವನ ಕೈಗೆ ಗುರಾಣಿಯನ್ನೂ ಈಟಿಯನ್ನೂ ಕೊಡುತ್ತಿತ್ತು, ಆಮೇಲೆ ಗಡಿಯ ಕೋಟೆಗಳಲ್ಲಿ ಕಾವಲು. ಪಿತ್ರಾರ್ಜಿತದಂಥ ಕೆಲವು ವಿಷಯಗಳನ್ನು ಬಿಟ್ಟರೆ ಆ ಎರಡು ವರ್ಷ ಅವನು ಯಾರ ಮೇಲೂ ದಾವೆ ಹೂಡುವಂತಿರಲಿಲ್ಲ, ಅವನ ಮೇಲೆ ಯಾರೂ ದಾವೆ ಹೂಡುವಂತಿರಲಿಲ್ಲ. ನ್ಯಾಯಮಂಡಳಿಯಲ್ಲಿ ಕೂರಲು, ಐನೂರರ ಪರಿಷತ್ತಿನ ಸದಸ್ಯನಾಗಲು ಮೂವತ್ತು ವರ್ಷ ತುಂಬಬೇಕಿತ್ತು. ಹದಿನೆಂಟರಿಂದ ಮೂವತ್ತರವರೆಗೆ ಹನ್ನೆರಡು ವರ್ಷಗಳ ಉದ್ದದ ಹೊಸ್ತಿಲು ಅದು. ಪ್ರಜಾಪ್ರಭುತ್ವದ ತವರೆನಿಸಿದ ನಗರವೇ ತನ್ನ ಗಂಡುಮಕ್ಕಳನ್ನು ಒಂದೇ ದಿನ ದೊಡ್ಡವರನ್ನಾಗಿ ಮಾಡಲಿಲ್ಲ. ಹೆಣ್ಣುಮಕ್ಕಳಿಗಂತೂ ಆ ಹೊಸ್ತಿಲೇ ಇರಲಿಲ್ಲ.

ರೋಮಿನ ಕಥೆ ಇನ್ನೂ ವಿಚಿತ್ರ. ಹದಿನಾಲ್ಕರಿಂದ ಹದಿನೇಳರ ನಡುವೆ ಹುಡುಗನು ಬಾಲ್ಯದ ರಕ್ಷಾತಾಯಿತವನ್ನು ಕೊರಳಿನಿಂದ ತೆಗೆದು ಮನೆದೇವರಿಗೆ ಒಪ್ಪಿಸಿ, ಅಂಚಿಲ್ಲದ ಬಿಳಿಯ ನಿಲುವಂಗಿ ತೊಟ್ಟು, ಬಂಧುಗಳ ಜೊತೆ ನಗರದ ಚೌಕಕ್ಕೆ ಹೋಗುತ್ತಿದ್ದನು. ಇದು ಸಾಮಾನ್ಯವಾಗಿ ನಡೆಯುತ್ತಿದ್ದುದು ಮಾರ್ಚ್ 17ರ ಹಬ್ಬದ ದಿನ. ಆದರೆ ತಂದೆ ಬದುಕಿರುವ ತನಕ, ವಿಧ್ಯುಕ್ತವಾಗಿ ಬಿಡುಗಡೆ ಪಡೆಯದಿದ್ದರೆ, ಮಗನ ಹೆಸರಿನಲ್ಲಿ ಕಾನೂನುಬದ್ಧವಾದ ಆಸ್ತಿ ಎಂಬುದೇ ಇರಲಿಲ್ಲ. ಅವನು ನಲವತ್ತು ದಾಟಿದ್ದರೂ, ಮಕ್ಕಳ ತಂದೆಯಾಗಿದ್ದರೂ, ರಾಜ್ಯದ ಅತ್ಯುನ್ನತ ಪದವಿಯಲ್ಲಿದ್ದರೂ ಅಷ್ಟೇ. ತಂದೆ ತೀರಿಕೊಂಡು ಸ್ವತಂತ್ರನಾದವನಿಗೂ ಇಪ್ಪತ್ತೈದರ ಒಳಗೆ ವ್ಯವಹಾರದಲ್ಲಿ ಮೋಸವಾಗದಂತೆ ವಿಶೇಷ ಕಾನೂನಿನ ರಕ್ಷಣೆ ಇತ್ತು. ಉಡುಪು ಬದಲಾದ ದಿನ ಒಂದು, ಮದುವೆಯ ದಿನ ಇನ್ನೊಂದು, ಆಸ್ತಿ ಕೈಗೆ ಬಂದ ದಿನ ಮತ್ತೊಂದು. ಪ್ರಾಯಕ್ಕೆ ಬರುವುದೆಂದರೆ ಹೀಗೆ ಬೇರೆ ಬೇರೆ ಕಾಲಕ್ಕೆ ಬಿದ್ದ ಕಂತುಗಳ ಮೊತ್ತವಾಗಿತ್ತು.

ಮನೆ ಬಿಡುವ ವಿಷಯಕ್ಕೆ ಬಂದರೆ, ವಾಯವ್ಯ ಯುರೋಪಿನ, ಅದರಲ್ಲೂ ಇಂಗ್ಲೆಂಡಿನ, ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗಿನ ದಾಖಲೆಗಳು ನಮ್ಮ ಊಹೆಗಳನ್ನು ಎರಡೂ ಕಡೆಯಿಂದ ತಲೆಕೆಳಗು ಮಾಡುತ್ತವೆ. ಅಲ್ಲಿ ಸಾಮಾನ್ಯ ಕುಟುಂಬದ ಹುಡುಗ ಹುಡುಗಿಯರು ಹದಿಹರೆಯದ ನಡುವೆಯೇ ತವರು ಬಿಟ್ಟು ಪರರ ಮನೆಗೆ ಆಳುಗಳಾಗಿ ಹೋಗುತ್ತಿದ್ದರು. ಹದಿನೈದರಿಂದ ಇಪ್ಪತ್ನಾಲ್ಕರ ಪ್ರಾಯದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹೀಗೆ ಇದ್ದರೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಸುಗ್ಗಿಯ ಕೆಲಸ ಮುಗಿದ ಮೇಲೆ ಪಟ್ಟಣಗಳಲ್ಲಿ ಆಳುಗಳ ಸಂತೆ ಕೂಡುತ್ತಿತ್ತು. ಕೆಲಸ ಬೇಕಾದವರು ಸಾಲಾಗಿ ನಿಲ್ಲುತ್ತಿದ್ದರು. ಕುರಿ ಕಾಯುವವನು ಉಣ್ಣೆಯ ಎಳೆಯನ್ನು ಟೋಪಿಗೆ ಸಿಕ್ಕಿಸಿಕೊಂಡಿರುತ್ತಿದ್ದನು, ಬಂಡಿ ಹೊಡೆಯುವವನ ಬಳಿ ಚಾವಟಿಯ ದಾರದ ತುಂಡು ಇರುತ್ತಿತ್ತು, ಮನೆಗೆಲಸದ ಹುಡುಗಿ ನೆಲ ಒರೆಸುವ ಕುಚ್ಚು ಹಿಡಿದಿರುತ್ತಿದ್ದಳು. ಯಜಮಾನನು ನೋಡಿ, ನಾಲ್ಕು ಮಾತು ಕೇಳಿ, ಕೂಲಿ ಕುದುರಿದರೆ ಒಂದು ನಾಣ್ಯವನ್ನು ಮುಂಗಡವಾಗಿ ಕೈಗಿಡುತ್ತಿದ್ದನು. ಅದನ್ನು ಪಡೆದರೆ ಮುಂದಿನ ಸಂತೆಯವರೆಗೆ ಒಂದು ವರ್ಷ ಆ ಮನೆಯೇ ಮನೆ, ಆ ಮನೆಯ ಊಟವೇ ಊಟ, ಆ ಯಜಮಾನನ ಮಾತೇ ಮಾತು. ವರ್ಷ ಮುಗಿದ ಮೇಲೆ ಮತ್ತೊಂದು ಸಂತೆ, ಬಹುಮಟ್ಟಿಗೆ ಮತ್ತೊಂದು ಮನೆ.

ಪಟ್ಟಣದಲ್ಲಿ ಕಸುಬು ಕಲಿಯಲು ಹೋದವನ ಪಾಡು ಇನ್ನೂ ಬಿಗಿಯಾದದ್ದು. 1563ರಲ್ಲಿ ಇಂಗ್ಲೆಂಡಿನ ಸಂಸತ್ತು ಕಾನೂನು ಮಾಡಿ, ಕಸುಬಿನ ಶಿಷ್ಯವೃತ್ತಿಯ ಅವಧಿ ಕನಿಷ್ಠ ಏಳು ವರ್ಷ ಇರಬೇಕೆಂದೂ ಪಟ್ಟಣಗಳಲ್ಲಿ ಶಿಷ್ಯನಿಗೆ ಇಪ್ಪತ್ನಾಲ್ಕು ತುಂಬುವ ಮೊದಲು ಅದು ಮುಗಿಯಕೂಡದೆಂದೂ ವಿಧಿಸಿತು. ಒಂದೇ ಹಾಳೆಯಲ್ಲಿ ಎರಡು ಪ್ರತಿ ಬರೆದು, ಅಂಕುಡೊಂಕಾಗಿ ಕತ್ತರಿಸಿ, ಗುರುವಿಗೊಂದು, ಶಿಷ್ಯನ ಕಡೆಯವರಿಗೊಂದು ಕೊಡುತ್ತಿದ್ದ ಆ ಕರಾರು ಪತ್ರಗಳು ಶತಮಾನಗಳ ಕಾಲ ಹೆಚ್ಚು ಕಡಿಮೆ ಒಂದೇ ಮಾತುಗಳಲ್ಲಿವೆ. ಶಿಷ್ಯನು ಗುರುವಿನ ಗುಟ್ಟು ಕಾಪಾಡಬೇಕು. ಇಸ್ಪೀಟು, ಪಗಡೆ ಆಡಕೂಡದು. ಹೆಂಡದಂಗಡಿಗೆ ಹೋಗಕೂಡದು. ಅವಧಿ ಮುಗಿಯುವ ತನಕ ಮದುವೆಯಾಗಕೂಡದು. ಗುರುವು ಪ್ರತಿಯಾಗಿ ಊಟ, ಬಟ್ಟೆ, ವಸತಿ ಕೊಟ್ಟು ಕಸುಬಿನ ಮರ್ಮವನ್ನೆಲ್ಲ ಕಲಿಸಬೇಕು. ಗಮನಿಸಿ, ಇಪ್ಪತ್ಮೂರು ವರ್ಷದ, ಗಟ್ಟಿಮುಟ್ಟಾದ, ಕೆಲಸ ಬಲ್ಲ ಗಂಡಸು ಹತ್ತು ವರ್ಷದ ಹುಡುಗನಂತೆ ಇನ್ನೊಬ್ಬರ ಮನೆಯ ಶಿಸ್ತಿಗೆ ಒಳಪಟ್ಟಿದ್ದನು, ಅದನ್ನು ಯಾರೂ ಅವಮಾನವೆಂದು ಬಗೆಯುತ್ತಿರಲಿಲ್ಲ. ಅಂದರೆ ಮನೆ ಬಿಡುವುದು ಬೇಗ, ಸ್ವತಂತ್ರನಾಗುವುದು ತಡ. ಈ ಎರಡನ್ನೂ ಒಂದೇ ಎಂದು ನಾವು ಈಚೆಗೆ ಭಾವಿಸತೊಡಗಿದ್ದೇವೆ.

ಹೀಗೆ ಕೂಡಿಟ್ಟ ಕೂಲಿಯಿಂದಲೋ ತಂದೆಯಿಂದ ಬಂದ ಜಮೀನಿನಿಂದಲೋ ಬೇರೆ ಮನೆ ಹೂಡುವ ಶಕ್ತಿ ಬಂದ ಮೇಲೆಯೇ ಮದುವೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೊದಲ ಮದುವೆಯ ಸರಾಸರಿ ವಯಸ್ಸು ಹೆಣ್ಣಿಗೆ ಸುಮಾರು 26, ಗಂಡಿಗೆ ಸುಮಾರು 28. ಜಾನ್ ಹಜ್ನಲ್ ಎಂಬ ಜನಸಂಖ್ಯಾ ವಿದ್ವಾಂಸರು 1965ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಟ್ರಿಯೆಸ್ಟ್‌ವರೆಗೆ ಭೂಪಟದ ಮೇಲೆ ಒಂದು ಗೆರೆ ಎಳೆದು, ಅದರ ಪಶ್ಚಿಮಕ್ಕೆ ತಡವಾದ ಮದುವೆಯೂ ಜೀವಮಾನವಿಡೀ ಮದುವೆಯಾಗದೆ ಉಳಿಯುವವರ ದೊಡ್ಡ ಪ್ರಮಾಣವೂ ಶತಮಾನಗಳ ರೂಢಿಯಾಗಿದ್ದವೆಂದು ತೋರಿಸಿದರು. ಇಂದು ಮೂವತ್ತರ ಹತ್ತಿರ ಮದುವೆಯಾಗುವವರನ್ನು ಆಧುನಿಕತೆ ಕೆಡಿಸಿದ ಮಕ್ಕಳು ಎನ್ನುವವರು ಮುನ್ನೂರು ವರ್ಷ ಹಿಂದಿನ ಆ ಹಳ್ಳಿಗಾಡಿನ ಆಳುಮಕ್ಕಳನ್ನು ಏನೆಂದು ಕರೆಯುತ್ತಾರೋ ತಿಳಿಯದು.

ಆ ಗೆರೆಯ ಪೂರ್ವಕ್ಕೆ, ಜಗತ್ತಿನ ಬಹುಭಾಗದಲ್ಲಿ, ಮದುವೆ ಬೇಗ ಆಗುತ್ತಿದ್ದುದು ನಿಜ. ಆದರೆ ಬೇಗ ಮದುವೆಯಾದವರು ಬೇಗ ಯಜಮಾನರಾದರೆಂದು ತಿಳಿಯುವುದು ಸರಿಯಲ್ಲ. ದೊಡ್ಡ ಕುಟುಂಬದೊಳಗೆ ಮದುವೆಯಾದ ಹುಡುಗನ ದುಡಿಮೆಯೂ ಅವನ ಹೆಂಡತಿಯ ದುಡಿಮೆಯೂ ಹಿರಿಯರ ಲೆಕ್ಕಕ್ಕೆ ಸೇರುತ್ತಿದ್ದವು. ಬಿತ್ತನೆ, ಸಾಲ, ಮಾರಾಟ, ಮಕ್ಕಳ ಸಂಬಂಧ, ಇವುಗಳಲ್ಲಿ ಅವರ ಮಾತಿಗೆ ಬೆಲೆ ಬರಲು ದಶಕಗಳೇ ಬೇಕಾಗುತ್ತಿದ್ದವು. ಪೂರ್ವ ಆಫ್ರಿಕಾದ ಮಾಸಾಯಿ ಜನರಲ್ಲಿ ಇದಕ್ಕೆ ವಿರುದ್ಧವಾದ ಜೋಡಣೆ ಇದೆ: ಒಂದೇ ಓರಗೆಯ ಹುಡುಗರು ಒಟ್ಟಾಗಿ ದೀಕ್ಷೆ ಪಡೆದು ಯೋಧರಾಗುತ್ತಾರೆ, ವರ್ಷಗಟ್ಟಲೆ ಯೋಧರಾಗಿಯೇ ಇರುತ್ತಾರೆ, ಇನ್ನೊಂದು ಸಮಾರಂಭ ನಡೆದು ಆ ಘಟ್ಟ ಮುಗಿದ ಬಳಿಕವಷ್ಟೇ ಮದುವೆ, ಮನೆತನ, ಹಿರಿತನಗಳ ಕಡೆಗೆ ಸಾಗುತ್ತಾರೆ. ಬಾಲ್ಯಕ್ಕೂ ಹಿರಿತನಕ್ಕೂ ನಡುವೆ ಉದ್ದವಾದ ಒಂದು ಮಧ್ಯಕಾಲವನ್ನು ಮಾನವ ಸಮಾಜಗಳು ಮತ್ತೆ ಮತ್ತೆ ಕಟ್ಟಿಕೊಂಡಿವೆ. ಆ ಕಾಲದಲ್ಲಿ ತರುಣರಿಗೆ ಮಾಡಲು ಏನಿತ್ತು, ಅವರನ್ನು ಸಾಕುವವರು ಯಾರಾಗಿದ್ದರು, ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಹೆಣ್ಣುಮಕ್ಕಳ ವಿಷಯವನ್ನು ನಾನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ‘ಹಿಂದಿನವರು ಬೇಗ ದೊಡ್ಡವರಾಗುತ್ತಿದ್ದರು’ ಎನ್ನುವಾಗ ಅವರನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಇಂಗ್ಲಿಷ್ ಕಾನೂನಿನಲ್ಲಿ ಇಪ್ಪತ್ತೊಂದು ದಾಟಿದ ಅವಿವಾಹಿತೆ ಆಸ್ತಿ ಹೊಂದಬಹುದಿತ್ತು, ಕರಾರು ಮಾಡಬಹುದಿತ್ತು. ಮದುವೆಯಾದ ಗಳಿಗೆಯಲ್ಲಿ ಆ ಹಕ್ಕುಗಳು ಗಂಡನ ಕೈಗೆ ಹೋಗುತ್ತಿದ್ದವು. ಗಂಡಸಿಗೆ ಮದುವೆ ಎಂಬುದು ಯಜಮಾನಿಕೆಯ ಬಾಗಿಲಾದರೆ, ಹೆಂಗಸಿಗೆ ಅದು ಇದ್ದ ಅಲ್ಪ ಸ್ವಾತಂತ್ರ್ಯವನ್ನೂ ಒಪ್ಪಿಸಿಬಿಡುವ ಬಾಗಿಲಾಗಿತ್ತು. 1870 ಮತ್ತು 1882ರ ಕಾನೂನುಗಳು ಬಂದ ಮೇಲೆ ಅಲ್ಲಿನ ವಿವಾಹಿತೆಗೆ ತನ್ನ ಗಳಿಕೆಯ ಮೇಲೆ, ಆಮೇಲೆ ತನ್ನ ಆಸ್ತಿಯ ಮೇಲೆ ಹಕ್ಕು ದೊರೆಯಿತು. 1918ರಲ್ಲಿ ಬ್ರಿಟನ್ನಿನ ಗಂಡಸರಿಗೆ 21ಕ್ಕೆ ಮತದಾನದ ಹಕ್ಕು ಬಂದರೆ ಹೆಂಗಸರಿಗೆ ಷರತ್ತುಗಳೊಂದಿಗೆ 30ಕ್ಕೆ ಬಂತು, ಸಮಾನವಾಗಲು 1928ರವರೆಗೆ ಕಾಯಬೇಕಾಯಿತು. ಫ್ರಾನ್ಸಿನಲ್ಲಿ ವಿವಾಹಿತೆಯು ಗಂಡನ ಒಪ್ಪಿಗೆ ಇಲ್ಲದೆ ಬ್ಯಾಂಕ್ ಖಾತೆ ತೆರೆಯಲು, ಉದ್ಯೋಗಕ್ಕೆ ಸೇರಲು ಸಾಧ್ಯವಾದದ್ದು 1965ರ ಕಾನೂನಿನಿಂದ. ಹೆಣ್ಣು ಕಾನೂನಿನ ಕಣ್ಣಿನಲ್ಲಿ ಪೂರ್ತಿಯಾಗಿ ಪ್ರಾಯಕ್ಕೆ ಬಂದದ್ದು ನಮ್ಮ ಅಜ್ಜಿಯರ, ತಾಯಂದಿರ ಕಾಲದಲ್ಲಿ. ಮದುವೆ ಮುಂದೆ ಹೋಗಿರುವುದಕ್ಕೆ ಕಾರಣ ಹುಡುಕುವವರು ಮೊದಲು ಇಲ್ಲಿ ನೋಡಬೇಕು. ಓದಿ, ಸಂಪಾದಿಸಿ, ತನ್ನ ಹೆಸರಿನಲ್ಲಿ ಖಾತೆ ಹೊಂದಿದ ಹೆಣ್ಣಿಗೆ ಮದುವೆ ಒಂದು ಆಯ್ಕೆಯಾಗಿದೆ, ಅನಿವಾರ್ಯವಾಗಿ ಉಳಿದಿಲ್ಲ. ಇದನ್ನು ನಷ್ಟದ ಕಾಲಂನಲ್ಲಿ ಬರೆಯುವವರ ಜೊತೆ ನನಗೆ ಸಹಮತವಿಲ್ಲ.

ಯಂತ್ರಗಳ ಕಾಲ ಬಂದಾಗ, ಬಾಲ್ಯಕ್ಕೂ ಹಿರಿತನಕ್ಕೂ ನಡುವೆ ಇದ್ದ ಆ ಹಳೆಯ ಮಧ್ಯಕಾಲ ಒಡೆದುಹೋಯಿತು. ಹತ್ತಿಗಿರಣಿಗೆ ಏಳು ವರ್ಷ ಕಲಿತ ಶಿಷ್ಯ ಬೇಕಿರಲಿಲ್ಲ, ಎಳೆಯ ಬೆರಳುಗಳಿದ್ದರೆ ಸಾಕಿತ್ತು. ಬ್ರಿಟನ್ನಿನ 1833ರ ಕಾರ್ಖಾನೆ ಕಾನೂನು ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಗಳಲ್ಲಿ ದುಡಿಸಕೂಡದೆಂದೂ ಹದಿಮೂರರಿಂದ ಹದಿನೆಂಟರವರನ್ನು ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ದುಡಿಸಕೂಡದೆಂದೂ ಹೇಳಿತು. ಸುಧಾರಣೆಯ ಕಾನೂನೇ ಇಷ್ಟನ್ನು ಅನುಮತಿಸಿತ್ತು ಎಂದರೆ ಅದಕ್ಕೆ ಮೊದಲಿನ ಸ್ಥಿತಿಯನ್ನು ಓದುಗರೇ ಊಹಿಸಬಹುದು. ಹತ್ತು ವರ್ಷಕ್ಕೇ ಸಂಪಾದಿಸುತ್ತಿದ್ದ ಆ ಮಕ್ಕಳು ಬೇಗ ಜವಾಬ್ದಾರಿ ಕಲಿತರೆಂದು ಯಾರಾದರೂ ಮೆಚ್ಚಿ ಮಾತನಾಡಿದಾಗ ನನಗೆ ಸಂಕಟವಾಗುತ್ತದೆ. ಅವರ ಕೂಲಿ ಅವರ ಕೈಯಲ್ಲಿ ಉಳಿಯುತ್ತಿರಲಿಲ್ಲ, ಅವರ ಆರೋಗ್ಯವೂ ಉಳಿಯುತ್ತಿರಲಿಲ್ಲ.

ಮುಂದಿನ ಬದಲಾವಣೆ ತಂದದ್ದು ಶಾಲೆ. ಮಸಾಚುಸೆಟ್ಸ್ 1852ರಲ್ಲಿ, ಇಂಗ್ಲೆಂಡ್ 1880ರಲ್ಲಿ, ಫ್ರಾನ್ಸ್ 1882ರಲ್ಲಿ ಶಿಕ್ಷಣವನ್ನು ಕಡ್ಡಾಯ ಮಾಡಿದವು. ಅಮೆರಿಕದಲ್ಲಿ 1910ರಲ್ಲಿ ಪ್ರೌಢಶಾಲೆ ಮುಗಿಸುತ್ತಿದ್ದವರು ಶೇ 10ಕ್ಕಿಂತ ಕಡಿಮೆ, 1940ರ ಹೊತ್ತಿಗೆ ಅರ್ಧದಷ್ಟು. ಒಂದೇ ತಲೆಮಾರಿನಲ್ಲಿ ಹದಿಹರೆಯದವರು ದುಡಿಮೆಯ ಜಾಗದಿಂದ ತರಗತಿಯ ಬೆಂಚಿಗೆ ಬಂದರು. ಈ ಬದಲಾವಣೆಯ ಒಂದು ಮುಖವನ್ನು ನಾವು ಸಾಕಷ್ಟು ಗಮನಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ಮೊದಲು ಹದಿನಾರರ ಹುಡುಗನ ಸುತ್ತ ಎಂಟು ವರ್ಷದವರೂ ಇರುತ್ತಿದ್ದರು, ಐವತ್ತರವರೂ ಇರುತ್ತಿದ್ದರು. ಅವನು ಚಿಕ್ಕವರಿಗೆ ತೋರಿಸಿಕೊಡುತ್ತ, ದೊಡ್ಡವರನ್ನು ನೋಡುತ್ತ ಕಲಿಯುತ್ತಿದ್ದನು. ಶಾಲೆಯು ಒಂದೇ ವಯಸ್ಸಿನವರನ್ನು ಒಂದೇ ಕೋಣೆಯಲ್ಲಿ ಕೂರಿಸಿತು. ಅಲ್ಲಿ ಅವನ ದುಡಿಮೆ ಯಾರಿಗೂ ಬೇಕಾಗಿಲ್ಲ, ಅವನ ತಪ್ಪಿನಿಂದ ಯಾರಿಗೂ ನಷ್ಟವಿಲ್ಲ, ಅವನು ಮಾಡುವುದೆಲ್ಲ ಮುಂದೆಂದೋ ಬರುವ ಜೀವನಕ್ಕೆ ಸಿದ್ಧತೆ. ಶಿಕ್ಷಣದ ಹಕ್ಕನ್ನು ಕಿಂಚಿತ್ತೂ ಕಡಿಮೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದೆನೆಂಬ ಅನುಭವವನ್ನು ತರುಣರಿಂದ ತೆಗೆದುಕೊಂಡವರು ನಾವೇ, ಅವರು ಅದನ್ನು ಬಿಟ್ಟುಕೊಟ್ಟವರಲ್ಲ.

ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಹರೆಯವನ್ನೇ ಒಂದು ಪ್ರತ್ಯೇಕ ಘಟ್ಟವೆಂದು ಕರೆದು ಎರಡು ದೊಡ್ಡ ಸಂಪುಟಗಳನ್ನು ಬರೆದದ್ದು ಈ ಹಿನ್ನೆಲೆಯಲ್ಲಿ. ಅದಕ್ಕೆ ಐದು ವರ್ಷ ಮೊದಲು, 1899ರಲ್ಲಿ, ಶಿಕಾಗೋದಲ್ಲಿ ಬಾಲಾಪರಾಧಿಗಳಿಗೆಂದೇ ಮೊದಲ ನ್ಯಾಯಾಲಯ ಆರಂಭವಾಗಿತ್ತು. ಇದೇ ಕಾಲದಲ್ಲಿ ದೇಹ ಬೇರೆ ದಿಕ್ಕಿಗೆ ನಡೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ಉತ್ತರ ಯುರೋಪಿನ ಹುಡುಗಿಯರು ಸಾಮಾನ್ಯವಾಗಿ ಹದಿನಾರು ಹದಿನೇಳಕ್ಕೆ ಋತುಮತಿಯರಾಗುತ್ತಿದ್ದರು, ಪೌಷ್ಟಿಕತೆ ಸುಧಾರಿಸಿ ರೋಗಗಳು ಕಡಿಮೆಯಾದಂತೆ ಅದು ಹನ್ನೆರಡು ಹದಿಮೂರಕ್ಕೆ ಇಳಿಯಿತು. ದೇಹ ನಾಲ್ಕು ವರ್ಷ ಮುಂಚೆ ಸಿದ್ಧವಾಗುತ್ತದೆ, ಸಮಾಜ ಹತ್ತು ವರ್ಷ ತಡವಾಗಿ ಒಪ್ಪುತ್ತದೆ. ಇಷ್ಟು ದೊಡ್ಡ ಅಂತರವನ್ನು ಹಿಂದಿನ ಯಾವ ಪೀಳಿಗೆಯೂ ದಾಟಬೇಕಾಗಿ ಬಂದಿರಲಿಕ್ಕಿಲ್ಲ. ಅದರೊಳಗೆ ಸಿಲುಕಿದ ಮಕ್ಕಳ ತಳಮಳವನ್ನು ಚಾಪಲ್ಯವೆಂದು ತಳ್ಳಿಹಾಕುವ ಮೊದಲು ಇದನ್ನು ನೆನೆಯಬೇಕು.

ನನ್ನ ವಾದಕ್ಕೆ ಅತಿ ಮುಖ್ಯವಾದ ಸಾಕ್ಷ್ಯ ಫಿಲಡೆಲ್ಫಿಯಾ ನಗರದ್ದು. ಮೋಡೆಲ್, ಫರ್ಸ್ಟನ್‌ಬರ್ಗ್ ಮತ್ತು ಹರ್ಷ್‌ಬರ್ಗ್ ಎಂಬ ಮೂವರು ವಿದ್ವಾಂಸರು 1880ರ ಆ ನಗರದ ಜನಗಣತಿಯ ವಿವರಗಳನ್ನು 1970ರ ಅಮೆರಿಕದ ಗಣತಿಯ ಜೊತೆ ಹೋಲಿಸಿ 1976ರಲ್ಲಿ ಪ್ರಕಟಿಸಿದರು. ಶಾಲೆ ಬಿಡುವುದು, ಕೆಲಸಕ್ಕೆ ಸೇರುವುದು, ಹೆತ್ತವರ ಮನೆ ಬಿಡುವುದು, ಮದುವೆ, ಸ್ವಂತ ಮನೆ, ಈ ಐದು ಹೆಜ್ಜೆಗಳು ಒಂದು ಪೀಳಿಗೆಗೆ ಎಷ್ಟು ಕಾಲ ಹಿಡಿದವು ಎಂಬುದು ಅವರ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾದಿ ಚಿಕ್ಕದಾಗಿ ಸರಳವಾಗಿದ್ದಿರಬೇಕು, ಇಪ್ಪತ್ತನೆಯದರಲ್ಲಿ ಉದ್ದವಾಗಿರಬೇಕು ಎಂದು ಯಾರಾದರೂ ಊಹಿಸಬಹುದು. ಸಿಕ್ಕ ಉತ್ತರ ಅದಕ್ಕೆ ವಿರುದ್ಧವಾಗಿತ್ತು. 1880ರಲ್ಲಿ ಹುಡುಗರು ಹದಿಹರೆಯದಲ್ಲೇ ಕೆಲಸಕ್ಕೆ ಸೇರಿದರೂ ವರ್ಷಗಟ್ಟಲೆ ಹೆತ್ತವರ ಮನೆಯಲ್ಲೇ ಉಳಿದು, ಕೂಲಿಯನ್ನು ಮನೆಗೆ ಕೊಡುತ್ತಿದ್ದರು. ತಂದೆ ಕಾಯಿಲೆ ಬಿದ್ದರೆ, ಸತ್ತರೆ, ತಮ್ಮ ತಂಗಿಯರು ಚಿಕ್ಕವರಿದ್ದರೆ, ಮದುವೆ ಇನ್ನಷ್ಟು ಮುಂದಕ್ಕೆ ಹೋಗುತ್ತಿತ್ತು. ಕೆಲವರು ಬೇಗ, ಕೆಲವರು ಬಹಳ ತಡ, ನಿಶ್ಚಿತ ಕ್ರಮವೆಂಬುದು ಕಡಿಮೆ. 1970ರಲ್ಲಿ ಅದೇ ಹೆಜ್ಜೆಗಳು ಕೆಲವೇ ವರ್ಷಗಳ ಒಳಗೆ, ಒಂದಕ್ಕೊಂದು ಒತ್ತಾಗಿ, ಬಹುಪಾಲು ಎಲ್ಲರಿಗೂ ಒಂದೇ ವಯಸ್ಸಿನಲ್ಲಿ ಮುಗಿಯುತ್ತಿದ್ದವು. ಅಂದರೆ ನಾವು ‘ಹಿಂದಿನ ಕಾಲದ ಪದ್ಧತಿ’ ಎಂದುಕೊಂಡಿರುವುದು ಬಲು ಹೊಸದು.

ಅದು ಹೇಗೆ ಉಂಟಾಯಿತು ಎಂಬುದೂ ತಿಳಿದಿದೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬೆಳೆದ ಮಕ್ಕಳನ್ನು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಸಂಶೋಧಕರು ದೀರ್ಘಕಾಲ ಗಮನಿಸಿದ್ದರು, ಆ ದಾಖಲೆಗಳನ್ನು ಗ್ಲೆನ್ ಎಲ್ಡರ್ ಎಂಬ ಸಮಾಜವಿಜ್ಞಾನಿ ವಿಶ್ಲೇಷಿಸಿದರು. ತಂದೆಯ ಆದಾಯ ಕುಸಿದ ಮನೆಗಳಲ್ಲಿ ಹುಡುಗರು ಶಾಲೆಯ ಬಿಡುವಿನಲ್ಲಿ ಚಿಕ್ಕಪುಟ್ಟ ಕೆಲಸ ಹಿಡಿದರು, ತಾಯಿ ಹೊರಗೆ ದುಡಿಯಲು ಹೋದಾಗ ಹುಡುಗಿಯರು ಅಡುಗೆ, ಮನೆಗೆಲಸ, ತಮ್ಮ ತಂಗಿಯರ ಆರೈಕೆ ಹೊತ್ತರು. ದೊಡ್ಡವರ ಜವಾಬ್ದಾರಿ ಚಿಕ್ಕವರ ಹೆಗಲಿಗೆ ಇಳಿಯಿತು, ಆದರೆ ಮದುವೆ, ಸ್ವಂತ ಮನೆ ಮಾತ್ರ ಎಷ್ಟೋ ಮಂದಿಗೆ ಕೈಗೆಟುಕದೆ ಹೋದವು. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಪರಿಸ್ಥಿತಿ ಪೂರ್ತಿ ತಿರುಗಿತು. ಅಮೆರಿಕದ 1944ರ ಕಾನೂನು ಸೇನೆಯಿಂದ ಮರಳಿದವರಿಗೆ ಕಾಲೇಜಿನ ಶುಲ್ಕವನ್ನೂ ಮನೆಸಾಲಕ್ಕೆ ಖಾತರಿಯನ್ನೂ ಕೊಟ್ಟಿತು, ಕರಿಯರಿಗೆ ಅದರ ಪಾಲು ಬಹಳ ಮಟ್ಟಿಗೆ ತಪ್ಪಿಹೋಯಿತು ಎಂಬುದನ್ನೂ ಹೇಳಲೇಬೇಕು. ಪ್ರೌಢಶಾಲೆ ಓದಿದವನಿಗೆ ಕಾರ್ಖಾನೆಯಲ್ಲಿ ಖಾಯಂ ಕೆಲಸ, ಕಾರ್ಮಿಕ ಸಂಘದ ರಕ್ಷಣೆ, ಸಂಸಾರ ನಡೆಸಲು ಸಾಕಾಗುವ ಸಂಬಳ ಸಿಗುತ್ತಿತ್ತು. ಅಮೆರಿಕದಲ್ಲಿ ಮೊದಲ ಮದುವೆಯ ಮಧ್ಯಾಂಕ ವಯಸ್ಸು, ಅಂದರೆ ಮದುವೆಯಾದವರಲ್ಲಿ ಅರ್ಧದಷ್ಟು ಮಂದಿ ಅದಕ್ಕಿಂತ ಚಿಕ್ಕವರಾಗಿರುವ ವಯಸ್ಸು, 1890ರಲ್ಲಿ ಗಂಡಸರಿಗೆ 26.1 ಇದ್ದದ್ದು 1956ರಲ್ಲಿ 22.5ಕ್ಕೆ ಇಳಿಯಿತು, ಹೆಂಗಸರಿಗೆ 20.1. ಅಂದರೆ ಅಜ್ಜಂದಿರಿಗಿಂತ ಮೊಮ್ಮಕ್ಕಳು ಬೇಗ ಮದುವೆಯಾದರು. ಆ ಮೊಮ್ಮಕ್ಕಳು ಅಜ್ಜಂದಿರಿಗಿಂತ ಹೆಚ್ಚು ಜವಾಬ್ದಾರಿಯುಳ್ಳವರಾಗಿದ್ದರೆಂದು ಯಾರೂ ಹೇಳುವುದಿಲ್ಲ. ಮನೆಯ ಬೆಲೆ ಕೈಗೆಟುಕುವಂತಿತ್ತು, ಕೆಲಸ ಭದ್ರವಾಗಿತ್ತು, ಅಷ್ಟೇ.

ಯಾವ ವಯಸ್ಸಿಗೆ ಪ್ರಾಯಕ್ಕೆ ಬಂದಂತೆ ಎಂಬ ತನ್ನ ಗೆರೆಯನ್ನು ಕಾನೂನು ಇದೇ ವೇಳೆಗೆ ಕೆಳಕ್ಕೆ ಎಳೆಯಿತು. ಇಂಗ್ಲೆಂಡಿನಲ್ಲಿ ಶತಮಾನಗಳಿಂದ ಇದ್ದ ಇಪ್ಪತ್ತೊಂದರ ಮಿತಿ 1970ರ ಜನವರಿಯಿಂದ ಹದಿನೆಂಟಾಯಿತು. ಅಮೆರಿಕ 1942ರಲ್ಲೇ ಹದಿನೆಂಟರವರನ್ನು ಕಡ್ಡಾಯ ಸೇನಾಸೇವೆಗೆ ಕರೆದಿತ್ತು, ಆದರೆ ಹೋರಾಡಲು ಬೇಕಾದವನು ಮತ ಹಾಕಲು ಏಕೆ ಬೇಡ ಎಂಬ ಪ್ರಶ್ನೆಗೆ ವಿಯೆಟ್ನಾಂ ಯುದ್ಧದ ನಡುವೆ, 1971ರಲ್ಲಿ, ಸಂವಿಧಾನಕ್ಕೆ ತಿದ್ದುಪಡಿ ತಂದು ಉತ್ತರ ಕೊಟ್ಟಿತು. ಜಪಾನ್ 1876ರಿಂದ ಇದ್ದ ಇಪ್ಪತ್ತರ ಮಿತಿಯನ್ನು 2022ರ ಏಪ್ರಿಲ್ ಒಂದರಂದು ಹದಿನೆಂಟಕ್ಕೆ ಇಳಿಸಿತು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಸಾಮಾನ್ಯವಾಗಿ ಹದಿನೆಂಟನ್ನೇ ಗಡಿಯಾಗಿ ಹಿಡಿದಿದೆ. ಹೀಗೆ ಹಕ್ಕುಗಳು ಹದಿನೆಂಟಕ್ಕೆ ಬಂದು ನಿಂತ ಹೊತ್ತಿನಲ್ಲೇ, ಆ ಹಕ್ಕುಗಳನ್ನು ಬಳಸಿ ಬದುಕು ಕಟ್ಟಲು ಬೇಕಾದ ಕೆಲಸವೂ ಮನೆಯೂ ಮೂವತ್ತರ ಕಡೆಗೆ ಸರಿಯತೊಡಗಿದವು.

ಎಂಬತ್ತರ ದಶಕದಿಂದ ಈಚೆಗೆ ಏನಾಗಿದೆ ಎಂಬುದು ಓದುಗರಿಗೆ ಗೊತ್ತಿರುವ ವಿಷಯ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಶಾಲೆಯ ಓದಿಗೆ ಸಿಗುತ್ತಿದ್ದ ಕೆಲಸಕ್ಕೆ ಪದವಿ ಬೇಕಾಯಿತು, ಪದವಿಗೆ ಸಿಗುತ್ತಿದ್ದುದಕ್ಕೆ ಸ್ನಾತಕೋತ್ತರ ಪದವಿ ಬೇಕಾಯಿತು. ಖಾಯಂ ನೇಮಕದ ಜಾಗದಲ್ಲಿ ಗುತ್ತಿಗೆ ಬಂತು. ಕೆಲಸ ಸಿಗುವ ನಗರಗಳಲ್ಲೇ ಬಾಡಿಗೆ ಅತಿ ಹೆಚ್ಚಾಯಿತು. 2020ರ ಜುಲೈನಲ್ಲಿ, ಕೋವಿಡ್ ಕಾಲದಲ್ಲಿ, ಅಮೆರಿಕದ 18ರಿಂದ 29ರ ವಯಸ್ಸಿನವರಲ್ಲಿ ಶೇ 52ರಷ್ಟು ಮಂದಿ ಹೆತ್ತವರ ಜೊತೆ ವಾಸಿಸುತ್ತಿದ್ದರೆಂದು ಪ್ಯೂ ಸಂಶೋಧನಾ ಕೇಂದ್ರ ವರದಿ ಮಾಡಿತು, 1940ರ ಗಣತಿಯಲ್ಲೂ ಆ ಪ್ರಮಾಣ ಶೇ 48ರಷ್ಟಿತ್ತು, 1960ರಲ್ಲಿ ಮಾತ್ರ ಶೇ 29ಕ್ಕೆ ಇಳಿದಿತ್ತು. ಯುರೋಪಿನಲ್ಲಿ ಮನೆ ಬಿಡುವ ಸರಾಸರಿ ವಯಸ್ಸು ಸುಮಾರು 26, ಫಿನ್‌ಲೆಂಡಿನಲ್ಲಿ ಸುಮಾರು 21, ಕ್ರೊವೇಶಿಯಾದಲ್ಲಿ 30 ದಾಟಿದೆ. ಫಿನ್‌ಲೆಂಡಿನ ಹುಡುಗರು ಕ್ರೊವೇಶಿಯಾದ ಹುಡುಗರಿಗಿಂತ ಹತ್ತು ವರ್ಷ ಹೆಚ್ಚು ಪ್ರಬುದ್ಧರಲ್ಲ. ವಿದ್ಯಾರ್ಥಿಗೆ ಸರ್ಕಾರದ ಭತ್ಯೆ, ವಸತಿಗೆ ನೆರವು ಇರುವಲ್ಲಿ ಮಕ್ಕಳು ಬೇಗ ಹೊರಡುತ್ತಾರೆ, ಕೆಲಸವೂ ಬಾಡಿಗೆ ಮನೆಯೂ ಸಿಗದಲ್ಲಿ ಉಳಿಯುತ್ತಾರೆ. 2007ರಲ್ಲಿ ಇಟಲಿಯ ಹಣಕಾಸು ಸಚಿವರು ತಮ್ಮ ದೇಶದ ಇಂಥ ತರುಣರನ್ನು ದೊಡ್ಡ ಕೂಸುಗಳೆಂದು ಕರೆದಿದ್ದರು. ಮರುವರ್ಷವೇ ಜಾಗತಿಕ ಹಣಕಾಸು ಬಿಕ್ಕಟ್ಟು ಬಂದು, ದಕ್ಷಿಣ ಯುರೋಪಿನ ಯುವಜನರಿಗೆ ಉದ್ಯೋಗವೇ ದುರ್ಲಭವಾಯಿತು.

ಹದಿನೆಂಟರಿಂದ ಇಪ್ಪತ್ತೈದರವರೆಗಿನ ಈ ಕಾಲಕ್ಕೆ ಜೆಫ್ರಿ ಆರ್ನೆಟ್ ಎಂಬ ಮನೋವಿಜ್ಞಾನಿ 2000ದಲ್ಲಿ ಒಂದು ಹೊಸ ಘಟ್ಟದ ಸ್ಥಾನವನ್ನೇ ಕೊಟ್ಟರು. ತನ್ನನ್ನು ತಾನು ಹುಡುಕಿಕೊಳ್ಳುವ, ಹಲವು ದಾರಿಗಳನ್ನು ಪರೀಕ್ಷಿಸಿ ನೋಡುವ ಕಾಲ ಎಂಬುದು ಅವರ ವಿವರಣೆ. ಅದು ಬಹಳ ಮಂದಿಗೆ ಹಿತವೆನಿಸಿತು, ನನಗೆ ಅರ್ಧ ಮಾತ್ರ ಒಪ್ಪಿಗೆ. ಏಕೆಂದರೆ ಹುಡುಕಿಕೊಳ್ಳಲು ಬಿಡುವು ಇರುವುದು ಯಾರಿಗೆ ಎಂಬ ಪ್ರಶ್ನೆ ಅಲ್ಲಿ ಹಿಂದೆ ಸರಿಯುತ್ತದೆ. ಹಳೆಯ ಕಾಲದ ಉದ್ದದ ಮಧ್ಯಕಾಲದಲ್ಲಿ ಆಳಿಗೆ ಯಜಮಾನನ ಮನೆಯ ಊಟವಿತ್ತು, ಶಿಷ್ಯನಿಗೆ ಗುರುವಿನ ಸೂರು ಇತ್ತು, ಯೋಧನಿಗೆ ಓರಗೆಯವರ ಬಳಗವಿತ್ತು. ಕಠಿಣವಾಗಿದ್ದರೂ, ಎಷ್ಟೋ ಸಲ ಕ್ರೂರವಾಗಿದ್ದರೂ, ಅದೊಂದು ವ್ಯವಸ್ಥೆ. ಇಂದಿನ ಉದ್ದದ ಮಧ್ಯಕಾಲದ ವೆಚ್ಚವೆಲ್ಲ ಬಿದ್ದಿರುವುದು ಹೆತ್ತವರ ಜೇಬಿನ ಮೇಲೆ. ಆ ಜೇಬು ತುಂಬಿದ್ದರೆ ಮಗಳು ಸಂಬಳವಿಲ್ಲದ ತರಬೇತಿಗೆ ಸೇರಬಹುದು, ಮೊದಲ ಆಯ್ಕೆ ತಪ್ಪಿದರೆ ಎರಡನೆಯದಕ್ಕೆ ತಿರುಗಬಹುದು. ಬರಿದಾಗಿದ್ದರೆ ಸಿಕ್ಕ ಕೆಲಸ ಹಿಡಿದು ಅಲ್ಲೇ ಉಳಿಯಬೇಕು. ಒಂದೇ ವಯಸ್ಸಿನ ಇಬ್ಬರ ನಡುವಿನ ಈ ಅಂತರವು ತಲೆಮಾರುಗಳ ನಡುವಿನ ಅಂತರಕ್ಕಿಂತ ದೊಡ್ಡದು, ಚರ್ಚೆಯಾಗಬೇಕಾದದ್ದು ಅದು.

ಆದ್ದರಿಂದ ಯುವಜನರಿಗೆ ಉಪದೇಶ ಮಾಡುವ ಲೇಖನಗಳ ಬದಲು ಎರಡು ವಿಷಯಗಳ ಮೇಲೆ ಬರಹಗಳು ಬರಲಿ ಎಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಒಂದು, ಓದಿನ ಜೊತೆಗೇ ಸಂಬಳ ಸಹಿತವಾದ, ಜವಾಬ್ದಾರಿಯುತ ಕೆಲಸದ ಕಲಿಕೆ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ವಾರದ ಕೆಲವು ದಿನ ವೃತ್ತಿಶಾಲೆಯಲ್ಲಿ, ಉಳಿದ ದಿನ ಕೆಲಸದ ಜಾಗದಲ್ಲಿ ಕಲಿಯುವ ಪದ್ಧತಿ ಇಂದಿಗೂ ಬಲವಾಗಿದೆ. ಹಳೆಯ ಶಿಷ್ಯವೃತ್ತಿಯ ಕಟ್ಟುಪಾಡುಗಳನ್ನು ಬಿಟ್ಟು ಅದರ ಸಾರವನ್ನು ಉಳಿಸಿಕೊಳ್ಳಲು ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. ಹದಿನೇಳರ ಹುಡುಗಿಗೆ ತನ್ನ ಕೈಯ ಕೆಲಸಕ್ಕೆ ಬೆಲೆ ಇದೆಯೆಂದು ತಿಳಿಯುವುದು ಇಪ್ಪತ್ತೇಳರವರೆಗೆ ಕಾಯಬೇಕಾದ ವಿಷಯವಲ್ಲ.

ಎರಡನೆಯದು, ಹಿಂದಿರುಗಿ ಹೋಗಲು ಮನೆಯೇ ಇಲ್ಲದವರ ವಿಷಯ. ಅನಾಥಾಲಯಗಳಲ್ಲಿ, ಸಾಕು ಕುಟುಂಬಗಳಲ್ಲಿ, ಸರ್ಕಾರದ ಆಶ್ರಯದಲ್ಲಿ ಬೆಳೆದ ಮಕ್ಕಳಿಗೆ ಹದಿನೆಂಟು ತುಂಬಿದ ದಿನವೇ ಬಹುಪಾಲು ಕಡೆ ಆ ಆಶ್ರಯ ಮುಗಿಯುತ್ತದೆ. ಉಳಿದವರು ಇಪ್ಪತ್ತಾರಕ್ಕೆ, ಮೂವತ್ತಕ್ಕೆ ಮಾಡುವುದನ್ನು ಇವರು ಒಂದೇ ದಿನದಲ್ಲಿ, ಯಾರ ಬೆಂಬಲವೂ ಇಲ್ಲದೆ ಮಾಡಬೇಕು. ಕೆಲಸ ಹೋದರೆ ಮರಳಲು ಕೋಣೆಯಿಲ್ಲ, ಬಾಡಿಗೆ ಕರಾರಿಗೆ ಜಾಮೀನು ನಿಲ್ಲುವವರಿಲ್ಲ, ಜ್ವರ ಬಂದರೆ ಫೋನು ಮಾಡಲು ಯಾರೂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ 2000ದ ಕಾನೂನಿನಲ್ಲಿ ಇಂಥವರಿಗೆ ಇಪ್ಪತ್ತೊಂದರವರೆಗೆ, ಓದುತ್ತಿದ್ದರೆ ಇನ್ನೂ ಮುಂದಕ್ಕೆ, ಸಲಹೆ ಸಹಾಯ ನೀಡುವ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿತು. ಅಮೆರಿಕದ 2008ರ ಕಾನೂನು ಸಾಕು ಕುಟುಂಬದ ಆಶ್ರಯವನ್ನು ಇಪ್ಪತ್ತೊಂದರವರೆಗೆ ವಿಸ್ತರಿಸಲು ರಾಜ್ಯಗಳಿಗೆ ಕೇಂದ್ರದ ಹಣ ಒದಗಿಸಿತು. ಹೆತ್ತವರು ತಮ್ಮ ಮಕ್ಕಳಿಗೆ ಇಪ್ಪತ್ತೈದು ದಾಟಿದರೂ ನೀಡುತ್ತಿರುವ ಆಸರೆಯನ್ನು ಈ ಮಕ್ಕಳಿಗೂ ಅಷ್ಟೇ ವರ್ಷ ಕೊಡುವುದು ಸರ್ಕಾರಗಳ ಕರ್ತವ್ಯ. ಅದಕ್ಕೆ ಬೇಕಾದ ಹಣವನ್ನೂ ಕಾನೂನಿನ ಹಕ್ಕನ್ನೂ ಹದಿನೆಂಟರ ಗಡಿಯಿಂದ ಕನಿಷ್ಠ ಇಪ್ಪತ್ತೈದರವರೆಗೆ ವಿಸ್ತರಿಸಬೇಕು. ಈ ಬೇಡಿಕೆಯನ್ನು ತಮ್ಮ ಪತ್ರಿಕೆ ಎತ್ತಿಕೊಳ್ಳಲಿ ಎಂದು ವಿನಂತಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇತಿಹಾಸ ಅಧ್ಯಾಪಕಿ